ಒಂಬತ್ತು ಸಲ ಏನೂ ಆಗಲಿಲ್ಲ

ಹನ್ನೊಂದಕ್ಕೆ ಬರುವ ಹುಡುಗರಿಗಾಗಿ ಗುರುಪಾದಯ್ಯ ಒಂಬತ್ತೂವರೆಗೇ ಹಿಂದಿನ ಕೋಣೆಯ ಚಾಪೆಯ ಮೇಲೆ ಕೂತುಬಿಟ್ಟಿದ್ದ. ನಿರ್ಮಲಾ ಎರಡು ಸಲ ನಾಷ್ಟಾಕ್ಕೆ ಕರೆದಳು, ಎರಡು ಸಲವೂ ಹೂಂ ಅಂದ, ಏಳಲಿಲ್ಲ. ಎದುರಿನ ಹಲಗೆಯ ಮೇಲೆ ವಿಜಯಪುರದ ಹಳೇ ಸಾಮಾನಿನ ಅಂಗಡಿಯಿಂದ ತಂದ ಎರಡು ಕಂಪ್ಯೂಟರುಗಳು, ಅವುಗಳ ಬಲಕ್ಕೆ ನಾಲ್ಕು ಡಿಸ್ಕು ತುಂಬಿದ ಒಂದು ಕರಿಯ ಪೆಟ್ಟಿಗೆ. ಮೂರಕ್ಕೂ ನೀಲಿ ವೈರು ಎಳೆದು ಒಂದಕ್ಕೊಂದು ಜೋಡಿಸಿದ್ದ. ಹೋದ ವರ್ಷದವರೆಗೆ ಜೋಳದ ಚೀಲ ಒಟ್ಟುತ್ತಿದ್ದ ಕೋಣೆ. ಎಷ್ಟು ಗುಡಿಸಿದರೂ ಮೂಲೆಯಲ್ಲಿ ಹೊಟ್ಟು ಕಾಣುತ್ತಿತ್ತು. ಮಾರ್ಚ್ ತಿಂಗಳ ಬಿಸಿಲು ಆಗಲೇ ಏರಿತ್ತು, ಊರಾಚೆಯ ಶೆಡ್ಡುಗಳಲ್ಲಿ ಒಣಗುತ್ತಿದ್ದ ದ್ರಾಕ್ಷಿಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಈ ಒಂದೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಮತ್ತೆ ಮೂರು ಮೂರು ಕಂಪ್ಯೂಟರುಗಳು ಓಡುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಲಸವೆಲ್ಲ ನಿಜದ್ದೇ. ಅವು ಬರೆದದ್ದೆಲ್ಲ ಹೋಗಿ ಕೂಡುವುದು ಮಾತ್ರ ಆ ಒಂದೇ ಪೆಟ್ಟಿಗೆಯಲ್ಲಿ, ಆದ್ದರಿಂದ ಒಂದು ಕಂಪ್ಯೂಟರು ಕೆಟ್ಟರೆ ಒಳಗಿನವು ಇನ್ನೊಂದಕ್ಕೆ ಹಾರಿಕೊಂಡು ಕೆಲಸ ಮುಂದುವರಿಸುತ್ತವೆ. ಇದನ್ನು ಅವನು ಹೆಂಡತಿಗೆ ಒಂದು ತಾಸು ಬಿಡಿಸಿ ಹೇಳಿದ್ದಕ್ಕೆ ಅವಳು ಅರ್ಧ ನಿಮಿಷದಲ್ಲಿ ಮುಗಿಸಿದ್ದಳು. "ಒಲಿ ಎರಡ, ಹಗೇವು ಒಂದ. ಇಷ್ಟ ಹೇಳಾಕ ಇಷ್ಟೊತ್ತ ಬೇಕಾತೇನ್ರಿ?" ಅಡಿಗೆಯ ಒಲೆ ಎರಡಾದರೂ ಕಾಳು ತುಂಬಿಡುವ ನೆಲಗುಳಿ ಒಂದೇ ಅನ್ನುವ ಹೋಲಿಕೆಗೆ ಅವನಿಗೆ ನಗು ಬಂದಿತ್ತು. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಲ್ಯಾಬ್ ಅಸಿಸ್ಟೆಂಟ್ ಆಗಿದ್ದರೂ ಅಷ್ಟು ಚೊಕ್ಕ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಓಣಿಯವರಿಗೆ, ಕಾಲೇಜಿನವರಿಗೆ, ನಿರ್ಮಲಾಗೆ ಕೂಡ ಅವನು ಹೇಳಿದ್ದು ಒಂದೇ: ಹಳ್ಳಿ ಹುಡುಗರಿಗೆ ಇದನ್ನೆಲ್ಲ ಮುಟ್ಟಿ ಕಲಿಯಲು ಎಲ್ಲೂ ಸಿಗುವುದಿಲ್ಲ, ಕಾಲೇಜಿನ ಸರ್ವರ್ ಕೋಣೆಗೆ ಅವರನ್ನು ಬಿಡುವುದಿಲ್ಲ, ಮನೆಯಲ್ಲಾದರೆ ಕೆಡಿಸಿ ಕಲಿಯಬಹುದು. ಮಾತು ಸುಳ್ಳಲ್ಲ. ಆದರೆ ಪೂರಾ ನಿಜವೂ ಅಲ್ಲ ಅನ್ನುವುದು ಅವನಿಗೊಬ್ಬನಿಗೆ ಗೊತ್ತಿತ್ತು. ಕಲಿಯಲು ಹೆಸರು ಕೊಟ್ಟವರು ಮೂವರು. ಕನಮಡಿಯ ಸಿದ್ದರಾಮ, ಘೋಣಸಗಿಯ ನಂದಾ. ಮೂರನೆಯದು ಹೋದ ವಾರ ಬಂದ ಫೋನು. "ಸರ್, ನಾ ಬಬಲೇಶ್ವರದಿಂದ ಸುಮಯ್ಯಾ ರೀ. ಬಿಸಿಎ ಕಡೀ ವರ್ಷ. ಆಫ್ತಾಬನ ತಂಗಿ ರೀ ನಾ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು. ಹುಡುಗಿಗೆ ಏನು ಗೊತ್ತು, ಎಷ್ಟು ಗೊತ್ತು, ಯಾರು ಕಳಿಸಿದರು ಎಂದು ಒಂದೇ ಉಸಿರಿನಲ್ಲಿ ಹತ್ತು ಪ್ರಶ್ನೆ ಎದ್ದವು, ಬಾಯಿಂದ ಬಂದದ್ದು ಮಾತ್ರ "ಬಾ ಯವ್ವಾ, ರವಿವಾರ ಹನ್ನೊಂದಕ್ಕ" ಎಂದು. "ಅಣ್ಣ ಗಾಡಿ ಮ್ಯಾಲ ಬಿಡ್ತೇನಿ ಅಂದಾನ್ರಿ" ಎಂದು ಅವಳು ಸೇರಿಸಿದಳು. ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಐದು ವರ್ಷದ ಹಿಂದೆ ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕಾಲೇಜಿನ ಸರ್ವರ್ ಕೋಣೆಯಲ್ಲೂ ಎರಡು ದೊಡ್ಡ ಯಂತ್ರಗಳು, ಅವುಗಳ ಬಲಕ್ಕೆ ಡಿಸ್ಕ್ ಪೆಟ್ಟಿಗೆ ಇದ್ದವು. ಮನೆಯಲ್ಲಿ ಅದೇ ಕ್ರಮದಲ್ಲಿ ಯಾಕೆ ಜೋಡಿಸಿದೆ ಎಂದು ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಆ ದಿನ ಮನುಷ್ಯ ದುಡಿಸಿಕೊಳ್ಳುವ ಎಲ್ಲಕ್ಕೂ ಬಿಡುವು ಕೊಡುವುದು ವಾಡಿಕೆ: ಕುಡಗೋಲು, ತಕ್ಕಡಿ, ಟ್ರ್ಯಾಕ್ಟರ್, ಕಾಲೇಜಿನಲ್ಲಾದರೆ ಕಂಪ್ಯೂಟರ್. ಒರೆಸಿ, ಬಂದ್ ಮಾಡಿ, ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆಯುವುದು. ಜಂಗಮರ ಮನೆಯವನೆಂದು ಪ್ರತಿವರ್ಷ ಅದು ಗುರುಪಾದಯ್ಯನ ಕೈಯಿಂದಲೇ ಆಗಬೇಕು. ಸರ್ವರ್ ನೋಡಿಕೊಳ್ಳುತ್ತಿದ್ದ ಗುತ್ತಿಗೆಯ ಹುಡುಗ ಆಫ್ತಾಬ, ತಾಯಿ ಮಾಶಾಬಿಯನ್ನು ದವಾಖಾನೆಗೆ ತೋರಿಸಿ ಬರುತ್ತೇನೆಂದು ಹೊರಟವನು, ಬಾಗಿಲಲ್ಲಿ ತಿರುಗಿ ನಿಂತು ಹೇಳಿದ್ದ. "ಅಯ್ಯಾರ, ಡಿಸ್ಕ್ ಪೆಟ್ಟಿಗಿ ಮಾತ್ರ ಮುಟ್ಟಬ್ಯಾಡ್ರಿ. ಒಳಗಿನವು ಮೊದಲ, ಆಮ್ಯಾಲ ಎರಡು ಮಷೀನ್, ಪೆಟ್ಟಿಗಿ ಎಲ್ಲಾಕ್ಕಿಂತ ಕಡೀಕ. ನಾ ಒಂದ ತಾಸಿನ್ಯಾಗ ಬರ್ತೇನ್ರಿ." ಒಂದು ತಾಸು ಕಾಯಬಹುದಿತ್ತು. ಆದರೆ ಪ್ರಿನ್ಸಿಪಾಲರು ಮಡಿ ಉಟ್ಟು ಬಂದು ಬಾಗಿಲಾಚೆ ನಿಂತಿದ್ದರು, ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದಿದ್ದರು, ನಿನ್ನೆ ಬಂದ ಹುಡುಗನ ಅಪ್ಪಣೆಗೆ ಕಾಯುತ್ತಿದ್ದೇನೆ ಎಂದು ಅಷ್ಟು ಜನರೆದುರು ಹೇಳುವುದು ಹೇಗೆ. ಪೂಜೆ ಬಲದಿಂದ ಶುರು. ಅವನ ಕೈ ತಾನಾಗಿ ಬಲಕ್ಕೆ ಹೋಯಿತು, ಬಲತುದಿಯಲ್ಲಿದ್ದ ಪೆಟ್ಟಿಗೆಯ ಗುಂಡಿ ಒತ್ತಿತು, ಮಿಣುಕುತ್ತಿದ್ದ ನಾಲ್ಕೂ ದೀಪಗಳು ಒಟ್ಟಿಗೆ ಆರಿದವು. ಅದರ ಹಣೆಗೆ ಅವನು ಮೂರು ಬೆರಳಿನಿಂದ ವಿಭೂತಿ ಎಳೆದ. ಆರತಿಯಾಯಿತು, ಕಾಯಿ ಚೆನ್ನಾಗಿ ಒಡೆಯಿತು, ಒಳ್ಳೆಯ ಶಕುನ ಎಂದು ಯಾರೋ ಅಂದರು.

ರಜೆ ಮುಗಿಸಿ ಎಲ್ಲ ಶುರು ಮಾಡಿದಾಗ ಮೂರು ತಿಂಗಳ ಆಂತರಿಕ ಅಂಕಗಳು, ಹಾಜರಿ ಏನೂ ತೆರೆಯಲಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿದರು, ಯಾರು ಬಂದ್ ಮಾಡಿದ್ದು, ಏನನ್ನು ಮೊದಲು ಬಂದ್ ಮಾಡಿದ್ದು. ಗುರುಪಾದಯ್ಯ ಬಾಯಿ ತೆರೆಯುವವನೇ ಇದ್ದ. ಇವತ್ತಿಗೂ ಅವನು ಹಾಗೇ ನಂಬಿದ್ದಾನೆ. ಅಷ್ಟರಲ್ಲಿ ಪ್ರಿನ್ಸಿಪಾಲರೇ ಅಂದರು, "ಅಯ್ಯಾರ ಕೈ ಹಚ್ಚಿದ್ದು ಕೆಡಂಗಿಲ್ಲ. ಆಫ್ತಾಬ, ನೀ ಹೋಗೂಮುಂದ ಏನ್ ಮಾಡಿಟ್ಟ ಹೋಗಿದ್ದಿ?" ಆಫ್ತಾಬ ತಿರುಗಿ ಗುರುಪಾದಯ್ಯನ ಮುಖ ನೋಡಿದ. ಎರಡು ಮೂರು ಸೆಕೆಂಡು ಇರಬಹುದು. ಆ ಹೊತ್ತಿನಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು, ಗುರುಪಾದಯ್ಯ ಆಡಲಿಲ್ಲ. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ನೋಡುತ್ತ ನಿಂತ. ಆ ತಿಂಗಳ ಕೊನೆಗೆ ಹುಡುಗನ ಗುತ್ತಿಗೆ ಮುಗಿಯಿತು, ಮತ್ತೆ ಕರೆಯಲಿಲ್ಲ. ಬೇರೆ ಕಡೆ ಕೆಲಸ ಕೇಳಲು ಹೋದಲ್ಲೆಲ್ಲ ಈ ಮಾತು ಅವನಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತಂತೆ. ಈಗ ಬಬಲೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ ಎಂದು ಯಾರೋ ಹೇಳಿದ್ದರು. ಆ ಕೋಣೆಯಿಂದ ಹೊರಗೆ ಬಂದ ಕೂಡಲೇ ಅವತ್ತು ಕಾಲೇಜಿನ ಜವಾನ, ತನಗಿಂತ ಹತ್ತು ವರ್ಷ ದೊಡ್ಡವನು, ವಾಡಿಕೆಯಂತೆ ಬಗ್ಗಿ ಅಯ್ಯನವರ ಕಾಲು ಮುಟ್ಟಿದ್ದ. ಮುಟ್ಟಿದ ಜಾಗ ಸುಟ್ಟಂತಾಗಿ ಗುರುಪಾದಯ್ಯ ಕಾಲು ಹಿಂದೆಳೆದುಕೊಂಡಿದ್ದ. ಅಂದಿನಿಂದ ಯಾರು ಕಾಲಿಗೆ ಬಗ್ಗಿದರೂ ಹಾಗೆಯೇ.

ಈ ಯಂತ್ರಗಳನ್ನು ಅವನು ಮನೆಗೆ ತಂದದ್ದು ಅದಕ್ಕೆ. ಅವತ್ತು ಕೆಟ್ಟದ್ದು ತನ್ನ ಕೈಯಿಂದಲೇನಾ, ಅಥವಾ ಹೇಗೂ ಕೆಡುವುದಿತ್ತಾ, ಅದು ಗೊತ್ತಾಗಬೇಕಿತ್ತು. ಪುಸ್ತಕ ನೋಡಿ, ವಿಡಿಯೊ ನೋಡಿ, ಎಂಟು ತಿಂಗಳು ಹೆಂಡತಿಯಿಂದ ಬೈಸಿಕೊಂಡು ಎಲ್ಲ ಜೋಡಿಸಿ, ಎಲ್ಲ ಓಡುತ್ತಿರುವಾಗಲೇ ಪೆಟ್ಟಿಗೆಯನ್ನು ಮೊದಲು ಬಂದ್ ಮಾಡಿ ನೋಡಿದ. ಮೊದಲ ಸಲ ಏನೂ ಆಗಲಿಲ್ಲ. ಮತ್ತೆ ಶುರು ಮಾಡಿದರೆ ಎಲ್ಲ ಇದ್ದದ್ದು ಇದ್ದ ಹಾಗೆ ಎದ್ದು ಕೂತವು. ಅವತ್ತು ಅವನು ನಿರ್ಮಲಾಳಿಗೆ ಗಿರಣಿಯಿಂದ ಹಿಟ್ಟು ತಂದುಕೊಟ್ಟ, ಹಾಡು ಗುನುಗಿದ. ಎರಡನೇ ಸಲವೂ ಏನೂ ಇಲ್ಲ. ನಾಲ್ಕನೆಯದಕ್ಕೆ ಒಳಗಿನದೊಂದು ಕೆಟ್ಟಿತು. ಹೀಗೆ ಹನ್ನೆರಡು ಸಲ. ಮೂರು ಸಲ ಕೆಟ್ಟವು, ಒಂಬತ್ತು ಸಲ ಏನೂ ಆಗಲಿಲ್ಲ. ಒಂಬತ್ತು ಸಲ ಅವನು ನಿರಪರಾಧಿ. ಹನ್ನೆರಡರಲ್ಲಿ ಒಂಬತ್ತು ಸಿಕ್ಕರೆ ಯಾವ ಪರೀಕ್ಷೆಯಲ್ಲಾದರೂ ಫಸ್ಟ್ ಕ್ಲಾಸು ಎಂದು ಮನಸ್ಸಿನ ಒಂದು ಮೂಲೆ ಅಂದಿತು, ಆ ಮೂಲೆಯ ಬಗ್ಗೆ ಅವನಿಗೆ ಅಸಹ್ಯವಾಯಿತು.

ಹೊರಗೆ ಗಾಡಿ ನಿಂತ ಸದ್ದು. ಸಿದ್ದರಾಮ ಮತ್ತು ನಂದಾ ಬಸ್ಸಿಳಿದು ಬಂದಿದ್ದರು, ಅವರ ಹಿಂದೆಯೇ ಸುಮಯ್ಯಾ. ಸಿದ್ದರಾಮ ಬಂದವನೇ "ಶರಣ್ರಿ ಅಯ್ಯಾರ" ಎಂದು ಬಗ್ಗಿದ. ಗುರುಪಾದಯ್ಯ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಬಳಿಯ ಬಕೆಟ್ಟಿಗೆ ಎಡವಿದ. ನೀರು ಚೆಲ್ಲಿತು. ತಾನೂ ಬಗ್ಗಬೇಕೇನೋ ಎಂದು ಸುಮಯ್ಯಾ ಗಾಬರಿಯಿಂದ ನಿಂತಳು. ಅವಳ ಕಣ್ಣು ಅಣ್ಣನದೇ ಕಣ್ಣು, ನೆಟ್ಟಗೆ ನೋಡುವ ಕಣ್ಣು. "ಅಣ್ಣ ಒಳಗ ಬರಲಿಲ್ಲೇನು?" ಎಂದು ನಿರ್ಮಲಾ ಕೇಳಿದಳು. "ಇಲ್ರಿ, ಅಲ್ಲೇ ಬೇವಿನ ಗಿಡದ ಕೆಳಗ ಕೂತಾನ. ಕರದ್ರೂ ಒಲ್ಲೆ ಅಂತಾನ." ನಿರ್ಮಲಾ ಗಂಡನ ಮುಖ ನೋಡಿದಳು. ಅವನು ಒಳಗೆ ಹೋಗಿ ನೀಲಿ ವೈರನ್ನು ಸರಿಪಡಿಸತೊಡಗಿದ, ಅದು ಸರಿಯಾಗಿಯೇ ಇತ್ತು.

ಪಾಠ ಶುರುವಾದ ಮೇಲೆ ಮಾತ್ರ ಅವನಿಗೆ ತಾನು ಯಾರೆನ್ನುವುದು ಮರೆಯಿತು. ಒಂದು ಯಂತ್ರದ ಹೊಟ್ಟೆಯೊಳಗೆ ಗಡಿಯಾರ ಓಡಿಸಿ, ಪರದೆಯ ಮೇಲೆ ಸೆಕೆಂಡಿನ ಮುಳ್ಳು ಸುತ್ತುತ್ತಿರುವಾಗಲೇ ಅದನ್ನು ಪಕ್ಕದ ಯಂತ್ರಕ್ಕೆ ದಾಟಿಸಿದ. ಮುಳ್ಳು ನಿಲ್ಲಲಿಲ್ಲ. ದಾಟಿದ ಮೇಲೆ ಮೊದಲಿನ ಯಂತ್ರವನ್ನು ಪೂರಾ ಆರಿಸಿದ, ಆಗಲೂ ನಿಲ್ಲಲಿಲ್ಲ. ನಂದಾ ಚಪ್ಪಾಳೆ ತಟ್ಟಿ ನಾಚಿಕೊಂಡಳು. "ಇದು ಹೆಂಗಾತ್ರಿ?" ಎಂದು ಸಿದ್ದರಾಮ ಪರದೆಗೆ ಮೂಗು ತಾಗಿಸಿದ. ಒಲೆ ಎರಡು ಹಗೇವು ಒಂದು ಎಂದು ಗುರುಪಾದಯ್ಯ ಹೆಂಡತಿಯ ಮಾತನ್ನೇ ತನ್ನದು ಮಾಡಿ ಹೇಳಿದ, ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ನಿರ್ಮಲಾ ಹುಬ್ಬೇರಿಸಿದಳು. ಖುಷಿಯಾಗಿತ್ತು ಅವನಿಗೆ. ಆಗ ಸುಮಯ್ಯಾ ಕೇಳಿದಳು. "ಒಲಿ ಆರಿದ್ರ ನಡೀತೈತಿ ಖರೆ ರೀ ಸರ್. ಹಗೇವ ಮುಚ್ಚಿದ್ರ?"

ಹುಡುಗಿ ಗೊತ್ತಿದ್ದು ಕೇಳಿದಳೋ ಗೊತ್ತಿಲ್ಲದೆ ಕೇಳಿದಳೋ ಅವನಿಗೆ ತಿಳಿಯಲಿಲ್ಲ. ಕೇಳಲೇಬೇಕಾದ ಪ್ರಶ್ನೆ, ಕಲಿಯುವವರು ಯಾರಾದರೂ ಕೇಳುವುದೇ. ಪುಸ್ತಕದ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು, ಒಂದೇ ವಾಕ್ಯ, ಹೇಳಿ ಮುಂದೆ ಹೋಗಬಹುದಿತ್ತು. ಕಿಟಕಿಯಿಂದ ಬೇವಿನ ಗಿಡ ಕಾಣುತ್ತಿತ್ತು. ಕೆಳಗೆ ಒಬ್ಬ ಗಾಡಿಯ ಮೇಲೆ ಅಡ್ಡ ಕೂತು ಯಾರದೋ ಮೊಬೈಲನ್ನು ತೊಡೆಯ ಮೇಲಿಟ್ಟು ಬಿಚ್ಚುತ್ತಿದ್ದ. ತೆಳ್ಳಗಾಗಿದ್ದ. ಹಣೆಯ ಮೇಲೆ ಕೂದಲು ಹಿಂದೆ ಸರಿದಿತ್ತು. ಈಗ ಆಡದಿದ್ದರೆ ಇನ್ನು ಸಾಯುವವರೆಗೆ ಆಡುವುದಿಲ್ಲ, ಪ್ರತಿ ರವಿವಾರ ಈ ಹುಡುಗಿಗೆ ಪಾಠ ಹೇಳುತ್ತ ಒಳ್ಳೆಯ ಮೇಷ್ಟ್ರಾಗಿ, ಇನ್ನಷ್ಟು ದೊಡ್ಡ ಅಯ್ಯನಾಗಿ ಮುದುಕನಾಗುತ್ತೇನೆ ಎಂದು ಗುರುಪಾದಯ್ಯನಿಗೆ ಸ್ಪಷ್ಟವಾಗಿ ಹೊಳೆಯಿತು. ಅದಕ್ಕೆ ಅವನು ಹೆದರಿದ. ಎದ್ದು ಹೊರಗೆ ಹೋದ, ಚಪ್ಪಲಿ ಹಾಕಿಕೊಳ್ಳದೆ, ಬಿಸಿಲಿಗೆ.

"ಆಫ್ತಾಬ, ಒಂದ ಸ್ವಲ್ಪ ಒಳಗ ಬಾ. ನೀ ಇದ್ರನ ಹೇಳೂ ಮಾತು." ಆಫ್ತಾಬ ಮೊಬೈಲಿನ ತಿರುಪನ್ನು ಕಳೆಯದಂತೆ ಜೇಬಿಗೆ ಹಾಕಿಕೊಂಡ, ಏನೂ ಕೇಳದೆ ಹಿಂದೆ ಬಂದ. ಬಾಗಿಲಲ್ಲಿ ನಿಂತ. ಗುರುಪಾದಯ್ಯ ಮೂವರಿಗೂ, ಹೆಂಡತಿಗೂ ಕೇಳುವಂತೆ ಹೇಳಿದ. ಖಂಡೆ ಪೂಜೆಯ ದಿನ ಕಾಲೇಜಿನಲ್ಲಿ ಪೆಟ್ಟಿಗೆಯನ್ನು ಮೊದಲು ಬಂದ್ ಮಾಡಿದ್ದು ನಾನು. ಬೇಡ ಎಂದು ಆಫ್ತಾಬ ಹೇಳಿ ಹೋಗಿದ್ದ. ಕೇಳಿದಾಗ ನಾನು ಸುಮ್ಮನಿದ್ದೆ. ಮೂರು ವಾಕ್ಯ ಮುಗಿಯಲು ಇಷ್ಟು ಕಡಿಮೆ ಹೊತ್ತು ಸಾಕೇ ಎಂದು ಅವನಿಗೇ ಆಶ್ಚರ್ಯವಾಯಿತು. ನಿರ್ಮಲಾ ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಸುಮಯ್ಯಾ ಅಣ್ಣನನ್ನು ನೋಡಿದಳು; ಅವಳಿಗೆ ಗೊತ್ತಿರಲಿಲ್ಲ ಅನ್ನುವುದು ಮುಖದಲ್ಲಿ ಕಾಣುತ್ತಿತ್ತು.

"ನನಗ ಗೊತ್ತಿತ್ರಿ ಅಯ್ಯಾರ," ಎಂದ ಆಫ್ತಾಬ. ದನಿ ಏರಲಿಲ್ಲ. "ಇವರಿಗೆ ಹೇಳಿ ಏನ್ ಬಂತು? ಕೇಳಿದ್ದು ಯಾವ ಕೋಣ್ಯಾಗ? ಅಲ್ಲಿ ಹೇಳ್ರಿ."

ಗುರುಪಾದಯ್ಯ ಅಲ್ಲೇ ನಿಂತು ಪ್ರಿನ್ಸಿಪಾಲರಿಗೆ ಫೋನು ಹಚ್ಚಿದ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಇಟ್ಟ. ಅದೇ ಮೂರು ವಾಕ್ಯ ಹೇಳಿದ. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಪ್ರಿನ್ಸಿಪಾಲರ ದನಿ, ತುಂಬ ಮೃದುವಾಗಿ. "ಅಯ್ಯಾರ, ಎಂಥಾ ದೊಡ್ಡ ಮನಸು ರೀ ನಿಮ್ಮದು. ಮಂದಿ ಮಾಡಿದ ತಪ್ಪ ನಿಮ್ಮ ಮೈಮ್ಯಾಲ ಹಾಕ್ಕೊಳ್ಳಾಕತ್ತೀರಲ್ಲ. ನಿಮ್ಮಂಥಾವ್ರು ಅದೀರಿ ಅಂತನ ಮಳಿ ಬೆಳಿ ಆಗಾಕತ್ತೈತಿ ನೋಡ್ರಿ." "ಇಲ್ರಿ ಸರ್, ಖರೇನ ನಾನ..." "ಆತು ಬಿಡ್ರಿ, ಹಳೇ ಮಾತು. ಆ ಹುಡುಗಂದು ಏನರ ಬೇಕಿದ್ರ ಬ್ಯಾರೆ ಹೇಳ್ರಿ, ನೋಡೂನು." ಫೋನು ಕಟ್ಟಾಯಿತು. ಗುರುಪಾದಯ್ಯ ಕೈಯಲ್ಲಿ ಫೋನು ಹಿಡಿದು ಪೆದ್ದನಂತೆ ನಿಂತ. ಐದು ವರ್ಷ ಎದೆಯ ಮೇಲೆ ಹೊತ್ತದ್ದನ್ನು ಇಳಿಸಿದರೆ ಅದನ್ನು ತೆಗೆದು ಕೊರಳಿಗೆ ಹಾರ ಹಾಕಿದ್ದರು.

ನಕ್ಕಿದ್ದು ಆಫ್ತಾಬ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. ನಗುವಿನಲ್ಲಿ ಕಹಿ ಇತ್ತು, ಆದರೆ ಬರೀ ಕಹಿಯೇ ಇರಲಿಲ್ಲ. "ಅಯ್ಯಾರ, ನಿಮ್ಮನ್ನ ತಪ್ಪುಗಾರ ಅಂತ ಒಪ್ಪಸೂದು ಯಾರ ಕೈಲೂ ಆಗಂಗಿಲ್ಲ ಬಿಡ್ರಿ!" ನಿರ್ಮಲಾ ಸೆರಗು ಬಾಯಿಗೆ ಒತ್ತಿಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ. ಗುರುಪಾದಯ್ಯನಿಗೆ ಮಾತ್ರ ಸಿಟ್ಟು ಬಂತು, ಬಹಳ ದಿನಗಳ ಮೇಲೆ ಬಂದ ಒಳ್ಳೆಯ ಸಿಟ್ಟು. "ಮಾಡಿ ತೋರಸ್ತೇನಿ. ವಿಡಿಯೊದಾಗ ತೋರಸ್ತೇನಿ," ಎಂದ. ಅಂದ ಕೂಡಲೇ ಆ ಒಂಬತ್ತು ನೆನಪಾದವು. ಪ್ರಿನ್ಸಿಪಾಲರೆದುರು ಹತ್ತನೆಯ ಸಲವೂ ಏನೂ ಆಗದಿದ್ದರೆ? ಹನ್ನೆರಡರಲ್ಲಿ ಮೂರೇ ಸಲ ಕೆಟ್ಟಿದೆ ಎಂದು ಅವನು ಆಫ್ತಾಬನಿಗೆ ಹೇಳಿದ.

"ಬಂದ್ ಮಾಡೂಮುಂದ ಒಳಗಿನವು ಏನ್ ಮಾಡಾಕತ್ತಿದ್ವು?" ಎಂದು ಕೇಳಿದ ಆಫ್ತಾಬ. "ಏನೂ ಇಲ್ಲ. ಸುಮ್ಮನ ಓಡಾಕತ್ತಿದ್ವು." "ಅದಕ್ಕ ರೀ. ಖಾಲಿ ಹಗೇವ ಮುಚ್ಚಿದ್ರ ಏನ್ ಲುಕ್ಸಾನ ಆಗ್ತದ? ಅವತ್ತ ಆಫೀಸಿನ್ಯಾಗ ಆರ ಮಂದಿ ಕೂತ ಮಾರ್ಕ್ಸ್ ತುಂಬಾಕತ್ತಿದ್ರು. ಅದಕ್ಕ ನಾ ಪೆಟ್ಟಿಗಿ ಮುಟ್ಟಬ್ಯಾಡ್ರಿ ಅಂದಿದ್ದೆ." ಪೆಟ್ಟಿಗೆ ಬೇಗ ಕೆಲಸ ಮಾಡಲೆಂದು ಬರೆಯುವ ಮೊದಲೇ ಬರೆದೆ ಅನ್ನುತ್ತದೆ, ಆಮೇಲೆ ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ, ಕಾಲೇಜಿನದನ್ನು ಹಾಗೇ ಇಟ್ಟಿದ್ದರು, ಇಳಿಸುವ ಮೊದಲೇ ಕತ್ತು ಹಿಸುಕಿದರೆ ಹೋಯಿತು ಎಂದು ಅವನು ತಂಗಿಗೆ ಹೇಳುವಂತೆ ಹೇಳಿದ. ಗುರುಪಾದಯ್ಯ ಕೇಳುತ್ತ ಕೂತ. ಯಾರೂ ನೋಡದ ಈ ಕೋಣೆಯಲ್ಲಿ, ತಾನೊಬ್ಬನೇ ಸಾಕ್ಷಿಯೂ ನ್ಯಾಯಾಧೀಶನೂ ಆಗಿದ್ದಾಗ ಕೂಡ, ತನ್ನ ಕೈ ತನ್ನ ಕಡೆಗೇ ವಾಲಿತ್ತು. ನಾಚಿಕೆಯಾಯಿತು. ಆದರೆ ಆ ನಾಚಿಕೆ ಹೊಸದು. ಅದರಲ್ಲಿ ಉಸಿರಾಡಲು ಜಾಗವಿತ್ತು.

ಮುಂದಿನ ಅರ್ಧ ತಾಸು ಐವರೂ ಸೇರಿ ಗುರುಪಾದಯ್ಯನ ತಪ್ಪನ್ನು ಕಟ್ಟಿದರು. ಪೆಟ್ಟಿಗೆಯನ್ನು ಆಫ್ತಾಬ ಕಾಲೇಜಿನದರ ಹಾಗೆ ಹೊಂದಿಸಿದ. ಸಿದ್ದರಾಮ, ನಂದಾ ಒಂದೊಂದು ಕೀಬೋರ್ಡು ಹಿಡಿದು ಇಲ್ಲದ ವಿದ್ಯಾರ್ಥಿಗಳ ಹೆಸರು, ಅಂಕ ತುಂಬತೊಡಗಿದರು. ಬಾಕಿ ನಾಲ್ಕು ಮಂದಿಯ ಕೆಲಸ ಮಾಡಲು ಆಫ್ತಾಬ ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆದ. ಬೆರಳುಗಳು ಮರೆತಿರಲಿಲ್ಲ. ಸುಮಯ್ಯಾ ವಿಡಿಯೊ ಕಾಲ್ ಹಚ್ಚಿ ಫೋನು ಹಿಡಿದಳು, ಪರದೆಯಲ್ಲಿ ಪ್ರಿನ್ಸಿಪಾಲರು ಬನಿಯನ್ನಿನಲ್ಲಿ, ಕೈಯಲ್ಲಿ ರೊಟ್ಟಿ ಮುರಿದುಕೊಂಡು, ಅಯ್ಯಾರಿಗೆ ಇವತ್ತು ಏನಾಗಿದೆ ಎಂದು ನೋಡುತ್ತಿದ್ದರು. "ಇದು ಪೆಟ್ಟಿಗಿ ರೀ ಸರ್, ಬಲಕ್ಕ ಐತಿ. ಪೂಜಿ ಬಲದಿಂದ ಅಂತ ನಾ ಇದನ್ನ ಮೊದಲ ಒತ್ತಿದೆ. ಹಿಂಗ." ಗುರುಪಾದಯ್ಯ ಒತ್ತಿದ. ದೀಪಗಳು ಆರಿದವು. ಪರದೆಯ ಮೇಲೆ ಹೆಸರುಗಳು ಅರ್ಧಕ್ಕೆ ನಿಂತವು. ಎಲ್ಲ ಆರಿಸಿ, ಮತ್ತೆ ಕ್ರಮವಾಗಿ ಹಚ್ಚಿದರು. ಯಂತ್ರಗಳು ಎದ್ದವು. ಅಂಕಗಳ ಪಟ್ಟಿಯನ್ನು ನಂದಾ ತೆರೆಯಲು ನೋಡಿದಳು. ತೆರೆಯಲಿಲ್ಲ. ಇನ್ನೊಮ್ಮೆ. ಕರಿಯ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಅವತ್ತು ಕಾಲೇಜಿನಲ್ಲಿ ಬಂದಿದ್ದ ಅದೇ ಸಾಲು ಬಂತು. "ಕೆಟ್ಟಿತು!" ಎಂದು ಗುರುಪಾದಯ್ಯ ಕೂಗಿದ. ಜೀವನದಲ್ಲಿ ಯಾವುದಕ್ಕೂ ಅವನು ಹಾಗೆ ಕೂಗಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

ಫೋನಿನಲ್ಲಿ ಪ್ರಿನ್ಸಿಪಾಲರು ರೊಟ್ಟಿಯನ್ನು ತಾಟಿಗೆ ಹಾಕಿದರು. ಆಮೇಲೆ, "ಆಫ್ತಾಬ ಅಲ್ಲೇ ಅದಾನೇನು? ಫೋನ್ ಕೊಡ್ರಿ ಅವಂಗ," ಅಂದರು. ಅಯ್ಯಾರ ಅನ್ನಲಿಲ್ಲ.

ಆಫ್ತಾಬ ಫೋನು ತೆಗೆದುಕೊಂಡು ಹೊರಗೆ ಹೋದ. ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ಅವನ ದನಿ ಏರುತ್ತ ಬಂತು. ಮಾತು ಪೂರಾ ತಿಳಿಯುತ್ತಿರಲಿಲ್ಲ, ನಮ್ಮವ್ವ ಅನ್ನುವುದು, ಐದು ವರ್ಷ ಅನ್ನುವುದು, ಯಾರೂ ನನ್ನ ಕೇಳಲಿಲ್ಲ ಅನ್ನುವುದು ತುಂಡುತುಂಡಾಗಿ ಕಿಟಕಿಯಿಂದ ಬಂದವು. ನಿರ್ಮಲಾ ಕಿಟಕಿ ಮುಚ್ಚಲು ಎದ್ದಳು. ಗುರುಪಾದಯ್ಯ ಬೇಡವೆಂದು ಕೈ ಮಾಡಿದ. ಕೇಳಬೇಕಾದದ್ದನ್ನು ಕೂತು ಪೂರಾ ಕೇಳಿದ. ಆಫ್ತಾಬ ತಿರುಗಿ ಬಂದಾಗ ಮುಖ ಕೆಂಪಾಗಿತ್ತು, ಅಂಗಿಯ ತೋಳಿನಿಂದ ಒರೆಸಿಕೊಂಡ. "ನಾಳೆ ಹನ್ನೊಂದಕ್ಕ ಬಾ ಅಂದಾರ. ಎಲ್ಲಾರ ಮುಂದ ನೀವು ಹೇಳಬೇಕಂತ, ಬರದೂ ಕೊಡಬೇಕಂತ. ನೀವ ಬಸ್ಸಿಗೆ ಬರ್ರಿ, ನಾ ಗಾಡಿ ಮ್ಯಾಲ ಬರ್ತೇನಿ." "ಆತಪಾ," ಎಂದ ಗುರುಪಾದಯ್ಯ.

ಆಫ್ತಾಬ ಕೆಟ್ಟ ಪರದೆಯ ಕಡೆ ನೋಡಿದ. ಹುಡುಗರನ್ನು ನೋಡಿದ. ಹೊರಟೇ ಬಿಡುವವನಂತೆ ಗಾಡಿಯ ಕೀಲಿಯನ್ನು ಜೇಬಿನಲ್ಲಿ ತಡಕಿದವನು ಕೈ ಹೊರಗೆ ತೆಗೆದ. "ಹಿಂಗ ಕೆಟ್ಟಿದ್ದನ್ನ ಬಿಟ್ಟ ಹೋಗಾಕ ಬರಂಗಿಲ್ಲ. ಇದರಾಗ ಅರ್ಧಾ ಆದ್ರೂ ತಗೀಬಹುದು. ಅವತ್ತ ಸುದ್ದಾ ತಗೀಬಹುದಿತ್ತು, ಯಾರೂ ಮುಟ್ಟಗೊಡಲಿಲ್ಲ. ಸರೀರಿ ಒಂಚೂರು." ಗುರುಪಾದಯ್ಯ ಕೀಬೋರ್ಡಿನ ಮುಂದಿನಿಂದ ಎದ್ದು, ಚಾಪೆಯ ಆ ತುದಿಗೆ ಹೋಗಿ, ಸಿದ್ದರಾಮ ಮತ್ತು ನಂದಾಳ ಪಕ್ಕದಲ್ಲಿ ಕಾಲು ಮಡಚಿ ಕೂತು, ನಂದಾಳ ಹತ್ತಿರ ಒಂದು ಹಾಳೆ ಕೇಳಿ ಇಸಿದುಕೊಂಡು, ಆಫ್ತಾಬ ಹೇಳುವುದನ್ನು ಬರೆದುಕೊಳ್ಳತೊಡಗಿದ.